ಒಂದಕ್ಷರ, ಒಂದು ಚುಕ್ಕೆ

ಸಿಟಿ ಬಸ್ಸು ಓಡಿಸುತ್ತಿದ್ದ ಡ್ರೈವರಣ್ಣನಿಗೆ ಇದ್ದವಳು ಒಬ್ಬಳೇ ಮಗಳು. ಅವಳು ಹಿಡಿದ ವಿಷಯ ಕಲ್ಲುಹೂವು. ಹಳೇ ಗೋಡೆ, ಮರದ ತೊಗಟೆಯ ಮೇಲೆ ಬೂದಿಬಣ್ಣಕ್ಕೆ ಹಬ್ಬಿಕೊಂಡಿರುತ್ತದಲ್ಲ, ಅದೇ. ವಾಹನದ ಹೊಗೆ ಹೆಚ್ಚಿರುವ ರಸ್ತೆಗಳ ಗೋಡೆಯಲ್ಲಿ ಅದು ಹೇಗೆ ಮೆಲ್ಲಗೆ ಸಾಯುತ್ತದೆ ಅನ್ನುವುದು ಅವಳ ಸಂಶೋಧನೆ.

"ಇವುಗಳ ಮೊದಲ ಕೊಲೆಗಾರ ನೀನೇ ಕಣಪ್ಪ" ಅಂತ ಊಟಕ್ಕೆ ಕೂತಾಗ ಅವಳು ರೇಗಿಸುವಳು.

"ಕೊಲೆಗಾರನ ಸಂಬಳದಲ್ಲೇ ಓದಿದ್ದು ತಾಯೀ, ಮರೀಬೇಡ" ಅಂತ ಅವನು ಅನ್ನುವನು. ಹೆಂಡತಿ ಇಬ್ಬರನ್ನೂ ಗದರುವಳು. ಹಾಗಿತ್ತು ಆ ಮನೆ.

ಮಾತ್ರೆ ನುಂಗಿದರೆ ಹೋಗುತ್ತದೆ ಅಂದುಕೊಂಡಿದ್ದ ಜ್ವರ ರಕ್ತದ ಕಾಯಿಲೆಯಾಗಿ, ಬೇಸಿಗೆ ಮುಗಿಯುವಷ್ಟರಲ್ಲಿ ಹುಡುಗಿಯನ್ನು ಎತ್ತಿಕೊಂಡು ಹೋಯಿತು. ಡ್ರೈವರಣ್ಣ ಅಳಲಿಲ್ಲ. ಬಂದವರಿಗೆಲ್ಲ ಕುರ್ಚಿ ಹಾಕಿದ, ನೀರು ಕೊಟ್ಟ, ಕಾರ್ಯ ಮುಗಿದ ಮರುದಿನವೇ ಡ್ಯೂಟಿಗೆ ಹೋದ. ಹೆಂಡತಿ ಮಾತ್ರ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು.

ಮಗಳ ಸಾಮಾನು ತರಲು ಲ್ಯಾಬಿಗೆ ಹೋದವನನ್ನು ಅವಳ ಗೈಡ್ ಮೇಡಂ ಕೂರಿಸಿಕೊಂಡು ಮಾತಾಡಿದರು. ಪ್ರಬಂಧ ಬರೆದು ಮುಗಿಸಿದ್ದಾಳೆ. ಮೊದಲು ಕಳಿಸಿದ ಜರ್ನಲ್ ಒಲ್ಲೆ ಅಂದಿದೆ, ಇನ್ನೊಂದಕ್ಕೆ ಕಳಿಸಬೇಕು. ಉಳಿದಿರುವುದು ಕೊನೆಯ ಉಲ್ಲೇಖಗಳ ಪಟ್ಟಿ ಮಾತ್ರ.

"ಹಾಗಂದ್ರೇನು ಮೇಡಂ?"

"ಯಾರ್ಯಾರ ಕೆಲಸ ಓದಿ ನಾವು ಬರೆದ್ವಿ ಅಂತ ಕೊನೇಲಿ ಹೇಳ್ಬೇಕಲ್ವಾ? ಯಾರು ಬರೆದ್ರು, ಯಾವ ವರ್ಷ, ಯಾವ ಪತ್ರಿಕೆ, ಯಾವ ಪುಟ. ಅದನ್ನ ಒಂದೊಂದು ಜರ್ನಲ್ ಒಂದೊಂದು ತರ ಕೇಳುತ್ತೆ. ಇವಳು ಹಳೇ ಜರ್ನಲ್‌ಗೆ ತಕ್ಕ ಹಾಗೆ ಕೈಯಲ್ಲೇ ಟೈಪ್ ಮಾಡಿಟ್ಟಿದ್ದಾಳೆ."

ಪಕ್ಕದ ಮೇಜಿನಲ್ಲಿ ಮಗಳ ಗೆಳತಿ ಕೂತಿದ್ದಳು. ದಪ್ಪ ಕನ್ನಡಕದ ಹುಡುಗಿ. ಮಗಳು ಅವಳನ್ನು ಸೋಡಾಬುಡ್ಡಿ ಅಂತಲೇ ಕರೆಯುತ್ತಿದ್ದದ್ದು. ಅವಳೆಂದಳು: "ಅದಕ್ಕೆ ಸಾಫ್ಟ್‌ವೇರ್ ಇದೆ ಅಪ್ಪ. ಒಂದ್ಸಲ ಎಲ್ಲಾ ಅದರೊಳಗೆ ಹಾಕಿದ್ರೆ ಗುಂಡಿ ಒತ್ತಿದ ಹಾಗೆ ಬದಲಾಗುತ್ತೆ. ನಾನು ಮಾಡ್ತೀನಿ ಬಿಡಿ."

"ಬೇಡಮ್ಮ" ಅಂದ ಡ್ರೈವರಣ್ಣ. "ಅವಳು ಕೈಯಲ್ಲೇ ಮಾಡಿದ್ದಾಳೆ ಅಂದ್ರಲ್ಲ ಮೇಡಂ. ನನಗೆ ಹೇಳಿಕೊಡು. ಬೆಳಗಿನ ಪಾಳಿ ಮುಗಿದ್ರೆ ಮಧ್ಯಾಹ್ನ ನನಗೇನು ಕೆಲಸ?"

ಸೋಡಾಬುಡ್ಡಿ ಮೇಡಂ ಮುಖ ನೋಡಿದಳು. ಮೇಡಂ ತಲೆಯಾಡಿಸಿದರು.

ಅಂದಿನಿಂದ ಖಾಕಿ ಅಂಗಿಯಲ್ಲೇ ಬಂದು ಮಗಳ ಕುರ್ಚಿಯಲ್ಲಿ ಕೂರತೊಡಗಿದ. ಅರ್ಧಕ್ಕೆ ಶಾಲೆ ಬಿಟ್ಟವನು, ಅಕ್ಷರ ಕೂಡಿಸಿ ಕೂಡಿಸಿ ಓದುವನು, ಒಂದು ಬೆರಳಿನಲ್ಲಿ ಟೈಪ್ ಮಾಡುವನು. ತಪ್ಪುಗಳಿಗೇನು ಬರ! ವರ್ಷಕ್ಕೆ ಕಂಸ ಹಾಕಿದರೆ ಪುಟಸಂಖ್ಯೆ ಮರೆಯುವುದು, ಪತ್ರಿಕೆಯ ಹೆಸರನ್ನು ಓರೆ ಅಕ್ಷರ ಮಾಡು ಅಂದರೆ ಪ್ರಬಂಧದ ಹೆಸರನ್ನು ಓರೆ ಮಾಡುವುದು. ಸೋಡಾಬುಡ್ಡಿ ತಾಳ್ಮೆಯಿಂದ ತಿದ್ದುವಳು. ಒಂದು ಮಧ್ಯಾಹ್ನ ಅವನು ಬೆರಗಾಗಿ ಕೇಳಿದ:

"ಅಲ್ಲಮ್ಮ, ಈ 'ಎಟ್ ಆಲ್' ಅನ್ನೋರು ಯಾರು? ಭಾರೀ ಕೆಲಸಗಾರರು ಕಣೆ, ಎಲ್ಲಾ ಪ್ರಬಂಧದಲ್ಲೂ ಇದ್ದಾರೆ!"

ಹುಡುಗಿ ಮೇಜಿಗೆ ತಲೆಯಿಟ್ಟು ನಕ್ಕಳು. ಅದು ಮನುಷ್ಯರ ಹೆಸರಲ್ಲ, 'ಮತ್ತು ಇತರರು' ಅಂತ ಅರ್ಥ ಅಂದಾಗ ಅವನೂ ನಕ್ಕ. ಇದನ್ನು ಕೇಳಿ ಬಿದ್ದು ಬಿದ್ದು ನಗಬೇಕಿದ್ದವಳು ಇರಲಿಲ್ಲ.

ಮನೆಗೆ ಬಂದು ಹೇಳಿದರೆ ಹೆಂಡತಿ ಕಿವಿ ಮುಚ್ಚಿಕೊಳ್ಳುವಳು. "ಹುಣ್ಣು ಕೆದಕ್ತಾ ಕೂತಿದ್ದೀರಲ್ಲ, ನಿಮಗೇನು ಕಲ್ಲಿನ ಕರುಳಾ?" ಅವನು ಮರುದಿನ ಮತ್ತೆ ಲ್ಯಾಬಿಗೆ ಹೋಗುವನು.

ಪಟ್ಟಿ ಅರ್ಧ ದಾಟಿದ ಮೇಲೆ ಒಂದು ಸಾಲು ಬಂತು. ಓದಿ ನೋಡಿದರೆ ಅವನದೇ ಹೆಸರು. ಕಣ್ಣುಜ್ಜಿಕೊಂಡು ಮತ್ತೆ ಓದಿದ. ಅವನದೇ.

"ಇದೇನಮ್ಮ, ನಾನೇನು ಬರೆದೆ?"

ಸೋಡಾಬುಡ್ಡಿಯ ಮುಖ ಬಾಡಿತು. "ಅದು ಅವಳದ್ದು ಅಪ್ಪ. ಕಾಲೇಜಲ್ಲಿದ್ದಾಗ ಒಂದು ಪುಟ್ಟ ಟಿಪ್ಪಣಿ ಬರೆದಿದ್ಲು. ಅವಳ ಹೆಸರಿನ ಜೊತೆ ನಿಮ್ಮ ಹೆಸರಿದೆಯಲ್ಲ, ಅದು ಮನೆತನದ ಹೆಸರು ಅಂತ ಲೆಕ್ಕ. ಅದನ್ನ ಮೊದಲು ಪೂರ್ತಿ ಬರೀತಾರೆ. ಸ್ವಂತ ಹೆಸರು ಒಂದಕ್ಷರ, ಒಂದು ಚುಕ್ಕೆ."

"ಅವಳ ಹೆಸರು?"

ಹುಡುಗಿ ಪರದೆಯ ಮೇಲೆ ಬೆರಳಿಟ್ಟು ತೋರಿಸಿದಳು. ಅವನ ಹೆಸರಿನ ಹಿಂದೆ, ಅಲ್ಪವಿರಾಮ ದಾಟಿ, ಒಂದಕ್ಷರ ನಿಂತಿತ್ತು.

"ತಿರುಗಿಸಿ ಬರೆಯೋಕಾಗಲ್ವಾ? ನನ್ನದು ಒಂದಕ್ಷರ ಮಾಡು, ಅವಳದ್ದು ಪೂರ್ತಿ ಇರ್ಲಿ. ನಾನು ಇನ್ನೂ ಬದುಕಿದ್ದೀನಲ್ಲಮ್ಮ, ನನಗ್ಯಾಕೆ?"

"ನಿಯಮ, ಅಪ್ಪ."

ಅವನು ಆ ಸಾಲನ್ನು ಮುಟ್ಟಲಿಲ್ಲ. ಮಿಕ್ಕ ಎಲ್ಲವನ್ನೂ ಮುಗಿಸಿದ ಮೇಲೆ ಕೊನೆಗೆ ಅದಕ್ಕೆ ಬಂದ. ಅವಳ ಅಕ್ಷರ ಒತ್ತಿದ, ಚುಕ್ಕೆ ಇಟ್ಟ, ಎದ್ದು ಹೋಗಿ ಮುಖ ತೊಳೆದುಕೊಂಡು ಬಂದ.

ಪ್ರಬಂಧ ಹೋಯಿತು. ಆಮೇಲೂ ಅವನು ಮಧ್ಯಾಹ್ನ ಲ್ಯಾಬಿಗೆ ಬಂದು ಮಗಳ ಕುರ್ಚಿಯಲ್ಲಿ ಕೂರುವುದು ಬಿಡಲಿಲ್ಲ. ಮಳೆಗಾಲ ಕಳೆದ ಮೇಲೆ ಉತ್ತರ ಬಂತು: ಪ್ರಕಟಿಸುತ್ತೇವೆ, ಆದರೆ ಉಲ್ಲೇಖಗಳು ಮಿತಿ ಮೀರಿವೆ. ಹಳೆಯವು ಕೆಲವು ಬಿಡಿ. ಲೇಖಕಿಯ ಕಾಲೇಜು ಟಿಪ್ಪಣಿಯೂ ಬೇಕಿಲ್ಲ, ಅದರಲ್ಲಿರುವುದೆಲ್ಲ ಈ ಪ್ರಬಂಧದಲ್ಲೇ ಬಂದಿದೆ.

ಮೇಡಂ ಮನೆಗೆ ಫೋನ್ ಮಾಡಿದರು. ಅವನು ಡ್ಯೂಟಿಯಲ್ಲಿದ್ದ. ಫೋನ್ ಎತ್ತಿದ್ದು ಹೆಂಡತಿ. ಮೇಡಂ ತಡವರಿಸುತ್ತ ಎಲ್ಲ ಹೇಳಿದರು, ಆ ಒಂದಕ್ಷರದ ಸಂಗತಿಯನ್ನೂ ಹೇಳಿದರು. ಅದು ಹೆಂಡತಿಗೆ ಗೊತ್ತೇ ಇರಲಿಲ್ಲ. ಗಂಡ ಹೇಳಲು ಬಂದಾಗಲೆಲ್ಲ ಕಿವಿ ಮುಚ್ಚಿಕೊಂಡವಳು ಅವಳೇ ತಾನೆ.

"ನೀವು ಹೇಳ್ಬೇಡಿ ಮೇಡಂ" ಅಂದಳು. "ಅವರಿಗೆ ನಾನೇ ಹೇಳ್ತೀನಿ."

ತಲೆ ಬಾಚಿಕೊಂಡು, ಎಷ್ಟೋ ದಿನದ ಮೇಲೆ ಹೊಸಿಲು ದಾಟಿ, ನಿಲ್ದಾಣದಲ್ಲಿ ಅವನ ಬಸ್ಸಿಗೇ ಕಾದು ಹತ್ತಿದಳು. ಡ್ರೈವರಣ್ಣ ಕನ್ನಡಿಯಲ್ಲಿ ಅವಳನ್ನು ಕಂಡು ಗಾಬರಿಯಾದ. ಅವಳು ಕೈಸನ್ನೆ ಮಾಡಿದಳು: ಓಡಿಸಿ, ಏನಿಲ್ಲ. ಅವನ ಬೆನ್ನ ಹಿಂದಿನ ಸೀಟಿನಲ್ಲಿ ಕೊನೆಯ ನಿಲ್ದಾಣದವರೆಗೂ ಕೂತಳು. ಜನ ಇಳಿದರು. ಕಂಡಕ್ಟರ್ ಟೀ ಕುಡಿಯಲು ಹೋದ.

"ಪ್ರಬಂಧ ಬರುತ್ತಂತೆ" ಅಂದಳು. "ಆದರೆ ಅವಳ ಆ ಹಳೇ ಟಿಪ್ಪಣಿ ಪಟ್ಟಿಯಿಂದ ತೆಗೀಬೇಕಂತೆ ರೀ."

ಅವನು ಸ್ಟೇರಿಂಗ್ ಹಿಡಿದುಕೊಂಡೇ ಕೂತಿದ್ದ. "ತೆಗೀಲಿ ಬಿಡು. ನಿಯಮ ಅಂದ್ರೆ ನಿಯಮ" ಅಂದ. ಆಮೇಲೆ, "ಒಂದೇ ಅಕ್ಷರ ಇತ್ತು ಕಣೆ ಅಲ್ಲಿ. ಅದೊಂದು..." ಅಂದ. ಆಸ್ಪತ್ರೆಯಲ್ಲಿ ಬಾರದ, ಮಣ್ಣು ಹಾಕುವಾಗಲೂ ಬಾರದ ಅಳು ಖಾಲಿ ಬಸ್ಸಿನಲ್ಲಿ ಉಕ್ಕಿ ಬಂತು.

ಹೆಂಡತಿ ಎದ್ದು ಬಂದು ಅವನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡಳು. "ಅಳಿ. ನಿಮಗೆ ದುಃಖಾನೇ ಇಲ್ಲ ಅಂದುಕೊಂಡುಬಿಟ್ಟಿದ್ದೆ ನಾನು" ಅಂದಳು. ಟೀ ಕುಡಿದು ಬಂದ ಕಂಡಕ್ಟರ್ ಬಾಗಿಲಲ್ಲೇ ನಿಂತು, ಹತ್ತಲು ಬಂದವರನ್ನು ಹಿಂದಿನ ಬಸ್ಸಿಗೆ ಕಳಿಸಿದ.

ಪ್ರಬಂಧ ಬಂತು. ಮೊದಲ ಪುಟದಲ್ಲಿ ಮಗಳ ಹೆಸರು ಪೂರ್ತಿಯಾಗಿತ್ತು, ಪಕ್ಕದಲ್ಲಿ ಸತ್ತವರಿಗೆ ಹಾಕುವ ಪುಟ್ಟ ಗುರುತು. ಸೋಡಾಬುಡ್ಡಿ ಪ್ರತಿ ತಂದುಕೊಟ್ಟು, ಊಟ ಮಾಡಿಕೊಂಡು ಹೋದಳು. ಲ್ಯಾಬಿನ ಆ ಮೇಜಿಗೆ ಹೊಸ ವಿದ್ಯಾರ್ಥಿ ಬಂದಿದ್ದಾನೆ ಅಂತ ಹೇಳಲು ಅವಳು ಬಹಳ ಹೊತ್ತು ತೆಗೆದುಕೊಂಡಳು.

ಹೋಗಲು ಎಡೆಯಿಲ್ಲದ ಮಧ್ಯಾಹ್ನಗಳನ್ನು ಡ್ರೈವರಣ್ಣ ಕೆಲವು ದಿನ ಹೇಗೋ ಕಳೆದ. ಆಮೇಲೆ ಡಿಪೋದಲ್ಲಿ ಕೇಳಿಕೊಂಡು ಮಧ್ಯಾಹ್ನದ ಪಾಳಿ ಹಾಕಿಸಿಕೊಂಡ.