ಎಡಕ್ಕೆ ಬಿದ್ದ ಕಡ್ಡಿ

ದೇವರ ಮುಂದೆ ಮಂಡಿಯೂರಿ ಬಿದಿರಿನ ಕೊಳವೆಯೊಂದನ್ನು ಗಲಗಲ ಅಲ್ಲಾಡಿಸುತ್ತಿದ್ದ ಶಾಲೆಗೆ ಹೋಗುವ ವಯಸ್ಸಿನ ಆ ಹುಡುಗಿಯನ್ನು ಮೊದಲ ಸಲ ಕಂಡಾಗ, ಪಾಪ, ಇವಳ ಮೈಮೇಲೆ ಏನೋ ಬಂದಿದೆ ಅಂದುಕೊಂಡೆ. ನಮ್ಮ ಕಡೆಯಾಗಿದ್ದರೆ ಅಷ್ಟು ಹೊತ್ತಿಗೆ ಯಾರಾದರೂ ಬೇವಿನ ಸೊಪ್ಪು ಹಿಡಿದು ಬಂದಿರುತ್ತಿದ್ದರು. ಮಲಯ ದೇಶದ ಈ ಪಿನಾಂಗಿನ ಚೀನೀ ಗುಡಿಯಲ್ಲಿ ಯಾರೂ ತಿರುಗಿ ಸಹ ನೋಡಲಿಲ್ಲ. ಕೊಳವೆಯ ತುಂಬ ಕಡ್ಡಿಗಳು. ಅಲ್ಲಾಡಿಸಿ ಅಲ್ಲಾಡಿಸಿ ಕೊನೆಗೆ ಒಂದೇ ಒಂದು ಕಡ್ಡಿ ಹೊರಗೆ ಜಾರಿ ನೆಲಕ್ಕೆ ಬಿತ್ತು. ಹುಡುಗಿ ಅದನ್ನೆತ್ತಿಕೊಂಡು ಮೂಲೆಯಲ್ಲಿ ಕೂತ ಮುದುಕನ ಹತ್ತಿರ ಓಡಿದಳು. ಓದು ಹೇಗೆ ಸಾಗುತ್ತದೆ ಎಂದು ದೇವರನ್ನು ಕೇಳುವ ಕ್ರಮವಂತೆ ಇದು. ಹಾಗೆಂದು ನನಗೆ ಹೇಳಿದವಳು ಪಕ್ಕದ ಕೋಣೆಯ ಚೀನೀ ಹೆಂಗಸು, ಆ ಸೋ. ‘ಆ ಸೋ’ ಅಂದರೆ ಅವರಲ್ಲಿ ಅತ್ತಿಗೆ. ಅವಳಿಗೆ ಸ್ವಂತ ಹೆಸರೂ ಇದೆ, ನನ್ನ ನಾಲಗೆಗೆ ಅದು ಹತ್ತುವುದಿಲ್ಲ.

ನಾನು ಗುಮ್ಮಳಾಪುರದವಳು. ಇಲ್ಲಿ ದುಡಿಯುತ್ತಿದ್ದ ನಮ್ಮ ಯಜಮಾನರಿಗೆ ಕಾಯಿಲೆ ಎಂದು ಸುದ್ದಿ ಬಂದಾಗ, ಆಗತಾನೇ ಹಾಲು ಬಿಟ್ಟಿದ್ದ ಮಗಳು ಪುಟ್ಟಿಯನ್ನು ಅಕ್ಕನ ಮಡಿಲಿಗೆ ಹಾಕಿ ಹಡಗು ಹತ್ತಿದೆ. ಅವರು ಚೇತರಿಸಿಕೊಂಡ ಕೂಡಲೇ ಹಿಂದಿರುಗುವುದು ಎಂಬ ಲೆಕ್ಕ. ಅವರು ಚೇತರಿಸಿಕೊಂಡರು, ಆದರೆ ಯುದ್ಧ ಬಂದು ಸಮುದ್ರವೇ ಮುಚ್ಚಿಹೋಯಿತು. ಜಪಾನಿನವರು ರೈಲು ಹಾದಿ ಹಾಕಲೆಂದು ಅವರನ್ನು ಕಾಡಿಗೆ ಕರೆದೊಯ್ದರು. ಹೋದವರು ಬರಲಿಲ್ಲ. ಯುದ್ಧ ಮುಗಿಯಿತು, ಹಡಗುಗಳು ಮತ್ತೆ ಓಡಾಡತೊಡಗಿದವು, ನಾನು ಇನ್ನೂ ಇಲ್ಲೇ ಇದ್ದೇನೆ.

ಇಲ್ಲಿಯ ಮನೆಗಳು ರೈಲು ಡಬ್ಬಿಯ ಹಾಗೆ ಉದ್ದಕ್ಕೆ ಹೋಗುತ್ತವೆ. ಕೆಳಗೆ ಅಂಗಡಿ, ಮೇಲೆ ಹಲಗೆ ಅಡ್ಡ ಕಟ್ಟಿದ ಕೋಣೆಗಳು. ನಾನು ಒಗ್ಗರಣೆ ಹಾಕಿದರೆ ಆ ಸೋ ಸೀನುತ್ತಾಳೆ, ಅವಳು ಒಣಮೀನು ಹುರಿದರೆ ನಾನು ಮೂಗು ಮುಚ್ಚುತ್ತೇನೆ. ನಮ್ಮಲ್ಲಿ ಅಂಗಳದಲ್ಲಿ ನಿಂತು ಕೂಗಿದರೆ ನಾಲ್ಕು ಮನೆಯವರು ಓಗೊಡುತ್ತಾರೆ, ಇಲ್ಲಿ ಪಿಸುಗುಟ್ಟಿದರೂ ನಾಲ್ಕು ಕೋಣೆಗೆ ಕೇಳುತ್ತದೆ, ಒಬ್ಬರಿಗೂ ಅರ್ಥವಾಗುವುದಿಲ್ಲ! ಯುದ್ಧದ ದಿನಗಳಲ್ಲಿ ಮರಗೆಣಸಿನ ಹಿಟ್ಟಿನಲ್ಲಿ ಮುದ್ದೆ ಮಾಡಲು ಹೊರಟೆ. ಅದು ಕೋಲಿಗೆ ಅಂಟಿ, ತಟ್ಟೆಗೆ ಅಂಟಿ, ಕೊನೆಗೆ ಗಂಟಲಿಗೂ ಅಂಟಿತು. ರಾಗಿ ಮುದ್ದೆ, ಅವರೆಕಾಳಿನ ಸಾರು ನೆನೆದು ಅತ್ತಿದ್ದೇನೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಹೀಗಿರುವಾಗ ಆಸ್ಪತ್ರೆಯಲ್ಲಿ ಹೆಂಗಸರಿಗೆ ಹೆರಿಗೆ ಮಾಡಿಸುವುದನ್ನು ಕಲಿಸುತ್ತಾರೆಂದು ತಿಳಿಯಿತು. ಅಂಥವಳನ್ನು ಮಲಯ ಮಾತಿನಲ್ಲಿ ಬಿದಾನ್ ಎನ್ನುತ್ತಾರೆ, ನಮ್ಮ ಸೂಲಗಿತ್ತಿಯೇ. ಕಲಿತು ತೇರ್ಗಡೆಯಾದರೆ ಯಾರ ಹಂಗೂ ಇಲ್ಲದೆ ಪುಟ್ಟಿಯನ್ನು ಸಾಕಬಹುದು. ಕಲಿಯದೆ ಊರಿಗೆ ಹೋದರೆ ಭಾವನ ಮನೆಯಲ್ಲಿ ಇನ್ನೊಂದು ಬಾಯಿ ನಾನು. ಆದರೆ ಕಲಿಯಲು ನಿಂತರೆ ಮಗಳು ಇನ್ನಷ್ಟು ದಿನ ತಾಯಿಯಿಲ್ಲದೆ ಬೆಳೆಯಬೇಕು. ನಮ್ಮ ಬಾಗಲೂರು ಕಡೆಯ ಮುನಿಯಪ್ಪಣ್ಣ ಆಗ ಊರಿಗೆ ಹೊರಟಿದ್ದ, ಜೊತೆಯಲ್ಲೇ ಬಾ ಎಂದು ಕರೆದಿದ್ದ. ನಾನು ಊಟ ಬಿಟ್ಟು ಕೂತದ್ದನ್ನು ಕಂಡು ಆ ಸೋ ನನ್ನನ್ನು ಗುಡಿಗೆ ಎಳೆದುಕೊಂಡು ಹೋದಳು.

ಮಂಡಿಯೂರಿದೆ. ಊರ ಮಾರಮ್ಮನನ್ನೇ ನೆನೆದುಕೊಂಡು, ನಾನು ಕಲಿಯಲೋ ಬೇಡವೋ ಎಂದು ಕನ್ನಡದಲ್ಲೇ ಕೇಳಿದೆ. ಬೇರೆ ಯಾವ ಭಾಷೆಯಲ್ಲಿ ಕೇಳಲಿ? ಕೊಳವೆ ಅಲ್ಲಾಡಿಸಿದೆ. ಕಡ್ಡಿಯೊಂದು ಜಾರಿ ನನ್ನ ಎಡಕ್ಕೆ ಬಿತ್ತು.

ನಮ್ಮಲ್ಲಿ ಹೂ ಕೇಳುವುದು ನಿಮಗೆಲ್ಲ ಗೊತ್ತಿದ್ದದ್ದೇ. ದೇವಿಯ ಮೈಮೇಲಿನ ಹೂವು ಬಲಕ್ಕೆ ಬಿದ್ದರೆ ಆಯಿತು, ಎಡಕ್ಕೆ ಬಿದ್ದರೆ ಇಲ್ಲ. ಮುಗಿಯಿತು, ಬೇಡ ಅಂದಳು ತಾಯಿ! ಕಡ್ಡಿಯನ್ನು ಅಲ್ಲೇ ಬಿಟ್ಟು ಎದ್ದೆ. ಬೇಸರವಾಗಬೇಕಿತ್ತು, ನನಗೋ ಕುಣಿಯುವಷ್ಟು ಸಂತೋಷ. ಇನ್ನು ಹಡಗು, ಮದರಾಸು, ಹೊಸೂರು, ಆಮೇಲೆ ಅಕ್ಕನ ಮನೆಯ ಬಾಗಿಲಲ್ಲಿ ಪುಟ್ಟಿ. ಗುಡಿಯ ಮೆಟ್ಟಿಲು ಇಳಿಯುವುದರೊಳಗೆ ಅವಳಿಗೆ ಎಣ್ಣೆ ಹಚ್ಚಿ ತಲೆ ಬಾಚಿ ಜಡೆಯನ್ನೂ ಹಾಕಿಬಿಟ್ಟಿದ್ದೆ.

ಆ ಸೋ ಹಿಂದಿನಿಂದ ಓಡಿಬಂದು ರಟ್ಟೆ ಹಿಡಿದಳು. ಕೈಯಲ್ಲಿ ನಾನು ಬಿಟ್ಟುಬಂದ ಕಡ್ಡಿ. ನನ್ನ ಎಡಬಲದ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಡ್ಡಿ ಯಾವ ಕಡೆ ಬಿದ್ದರೇನು, ಅದರ ಮೇಲೆ ಬರೆದ ಅಂಕಿಯನ್ನು ನೋಡಬೇಕಂತೆ. ಅಷ್ಟೇ ಅಲ್ಲ, ಅದು ದೇವರು ಕೊಟ್ಟ ಕಡ್ಡಿಯೇ ಹೌದೋ ಎಂದು ಅರ್ಧಚಂದ್ರದಂಥ ಎರಡು ಮರದ ತುಂಡು ಎಸೆದು ಮತ್ತೆ ಕೇಳಬೇಕು. ಒಂದು ಮೊಗಚಿ, ಇನ್ನೊಂದು ಅಂಗಾತ ಬಿದ್ದರೆ ಹೌದು. ನಮ್ಮ ಮಾರಮ್ಮ ಒಂದೇ ಮಾತಿನವಳು, ಇಲ್ಲಿಯ ದೇವರು ತನ್ನ ಮಾತಿಗೆ ತಾನೇ ಸಾಕ್ಷಿಯನ್ನೂ ಹೇಳಬೇಕು. ನಾನು ಎಸೆದೆ. ಹೌದು ಎಂದೇ ಬಿತ್ತು. ಮುದುಕ ಅಂಕಿ ನೋಡಿ ಹಾಡಿನಂಥದ್ದೇನೋ ಓದಿದ. ಆ ಸೋ ಅದನ್ನು ಮಲಯ ಮಾತಿಗೆ ತಿರುಗಿಸಿ ನಿಧಾನವಾಗಿ ಹೇಳಿದಳು.

“ಕಲಿಯುವುದಕ್ಕೆ ಒಳ್ಳೆಯದು. ಪ್ರಯಾಣ ಈಗ ಬೇಡ, ಕಾಯಬೇಕು.”

ಅವಳ ಹೆಗಲ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಒಳ್ಳೆಯ ಕಡ್ಡಿ ಬಂದರೂ ಯಾಕೆ ಅಳುತ್ತೀ ಎಂದು ಪಾಪ ಅವಳಿಗೆ ಗಾಬರಿ.

ತರಗತಿಗೆ ಸೇರಿದೆ. ಮುನಿಯಪ್ಪಣ್ಣ ಒಬ್ಬನೇ ಹಡಗು ಹತ್ತಿದ. ಈಗ ಮಲಯ ಮಾತು ತಡವರಿಸದೆ ಆಡುತ್ತೇನೆ. ಮೊನ್ನೆ ಚೀನೀ ಹುಡುಗಿಯೊಬ್ಬಳ ಚೊಚ್ಚಲ ಹೆರಿಗೆಯಲ್ಲಿ ಕೂಸನ್ನು ಮೊದಲು ಹಿಡಿದ ಕೈ ನನ್ನದೇ. ಎಲ್ಲರೂ ಬೆನ್ನು ತಟ್ಟಿದರು. ಹೆಮ್ಮೆಯೂ ಆಯಿತು. ಆದರೆ ಯಾವ ಕೂಸು ಅತ್ತರೂ ನನಗೆ ಕೇಳಿಸುವುದು ಒಂದೇ ಅಳು, ಅಕ್ಕನ ಸೊಂಟದ ಮೇಲಿಂದ ನನ್ನತ್ತ ಕೈಚಾಚಿದ್ದ ಪುಟ್ಟಿಯದು.

ಹೋದ ವಾರ ಮುನಿಯಪ್ಪಣ್ಣ ಊರಿಂದ ಮರಳಿ ಬಂದ. ಅಕ್ಕ ಕೊಟ್ಟ ರಾಗಿ ಹಿಟ್ಟಿನ ಗಂಟನ್ನು ಕೆಳಗಿಟ್ಟು, ಎಲೆಯಲ್ಲಿ ಮಡಿಸಿದ ಒಣಗಿದ ಕಣಗಿಲೆ ಹೂವೊಂದನ್ನು ನನ್ನ ಕೈಯಲ್ಲಿಟ್ಟ.

“ನಿನ್ ಮಗ್ಳು ಮಾರಮ್ಮನ್ತಾವ ಹೂ ಕೇಳವ್ಳೆ ಕಣಮ್ಮಾ,” ಅಂದ. “‘ನಮ್ಮವ್ವ ಬತ್ತಾಳಾ?’ ಅಂತ. ಕೇಳಿದ್ದೇ ತಡ, ಬಲಗಡೆಗೇ ಬಿತ್ತು. ನಾನೇ ಕಣ್ಣಾರೆ ನೋಡ್ದೆ.”

ಅಲ್ಲಿಯ ಮಾರಮ್ಮ ‘ಬರುತ್ತಾಳೆ’ ಅಂದಿದ್ದಾಳೆ, ಇಲ್ಲಿಯ ದೇವರು ‘ಕಾಯಬೇಕು’ ಅಂದಿದ್ದಾನೆ. ನನಗೆ ಇಬ್ಬರ ಮೇಲೂ ನಂಬಿಕೆ. ಹೂವನ್ನು ಮತ್ತೆ ಎಲೆಯಲ್ಲಿ ಮಡಿಸುತ್ತ ಕೇಳಿದೆ, ಯಾವಾಗ ಬರುತ್ತಾಳೆ ಅಂತ ಪುಟ್ಟಿ ಕೇಳಲಿಲ್ಲವೇ?

“ಇಲ್ಲಮ್ಮ,” ಅಂದ ಮುನಿಯಪ್ಪಣ್ಣ. “ನಾಳೀಕೇ ಬತ್ತೀಯ ಅಂತ ಅನ್ಕೊಂಡವ್ಳೆ.”