ಕಣ್ಣು ಮಿಟುಕಿಸುವವರೆಗೆ

ನನಗೆ ಕೂತಲ್ಲಿ ಕೂರಲು ಬರುವುದಿಲ್ಲ. ಒಲೆಯ ಮುಂದೆ ನಿಲ್ಲಲಾಗದೆ ಎಷ್ಟು ಸಲ ಹಾಲು ಉಕ್ಕಿಸಿದ್ದೇನೋ! "ನಿಮ್ಮಪ್ಪಾರು ನಿನ್ ಕಾಲಿಗೆ ಚಕ್ರ ಕಟ್ಟೇ ಕಳಿಸ್ಯಾರ ನೋಡು" ಎಂದು ಗಂಡ ಹಂಗಿಸುವುದು ನಮ್ಮ ಶಿಕಾರಿಪುರದ ಮನೆಯಲ್ಲಿ ದಿನದ ಮಾತು. ಅವರಿಗೇನು, ಮೆಕ್ಕೆಜೋಳದ ಅಂಗಡಿಯಲ್ಲಿ ಬೆಳಿಗ್ಗೆ ಕೂತರೆ ಸಂಜೆಗೇ ಏಳುವುದು. ನಾನು ಬಸ್ಸು ಹಿಡಿದು ಸೊರಬಕ್ಕೆ ಬಂದು, ಅಲ್ಲಿ ನಿಲ್ಲಿಸಿದ ಸ್ಕೂಟಿ ಹತ್ತಿ, ಕ್ಯಾಸನೂರಿನ ಕಡೆಯ ಒಂದು ಸಣ್ಣ ಊರಿನ ಸರ್ಕಾರಿ ಶಾಲೆಯನ್ನು ಬೆಲ್ಲು ಹೊಡೆಯುವುದರೊಳಗೆ ಮುಟ್ಟಬೇಕು. ಅಲ್ಲಿ ನಾನು ಅಕ್ಕೋರು, ಅಂದರೆ ಮಕ್ಕಳಿಗೆ ಮೇಡಂ.

ಇಂಥವಳಿಗೆ ಸ್ಲಾತ್ ಎಂಬ ಮಹಾ ನಿಧಾನದ ಪ್ರಾಣಿಯ ಪಾಠ ಮಾಡುವ ಬುದ್ಧಿ ಎಲ್ಲಿಂದ ಬಂತೋ ಗೊತ್ತಿಲ್ಲ.

ಮಂಗನ ಕಾಯಿಲೆಯ ದಿನಗಳು ಅವು. ನಮ್ಮ ಶಾಲೆಯ ಮಕ್ಕಳಿಗೆ ಅಕ್ಷರ ಬರುವ ಮೊದಲೇ ಒಂದು ಪಾಠ ಬಂದಿರುತ್ತದೆ: ಮಂಗ ಅಲ್ಲಾಡದೆ ಬಿದ್ದಿದ್ದರೆ ಹತ್ತಿರ ಹೋಗಬಾರದು, ಅದರ ಮೈಯ ಉಣುಗು, ಅಂದರೆ ಉಣ್ಣೆಹುಳ, ನಮಗೆ ಹತ್ತಿ ಜ್ವರ ತರುತ್ತದೆ, ಓಡಿಬಂದು ದೊಡ್ಡವರಿಗೆ ಹೇಳಬೇಕು. ಆ ವರ್ಷ ಮೂರನೇ ಕ್ಲಾಸಿನ ಒಬ್ಬ ಹುಡುಗಿಯ ತಾಯಿ ಕೊಟ್ಟಿಗೆಗೆ ತರಗೆಲೆ ತರಲು ಕಾಡಿಗೆ ಹೋಗಿ ಬಂದವಳು ಜ್ವರದಲ್ಲಿ ಮಲಗಿದಳು. ಅಪ್ಪ ಅವಳನ್ನು ದೂರದ ದೊಡ್ಡ ಆಸ್ಪತ್ರೆಗೆ ಸೇರಿಸಿ ಅಲ್ಲೇ ಉಳಿದ. ಹುಡುಗಿ ಅಜ್ಜಿಯ ಹತ್ತಿರ.

ಆಮೇಲೆ ಅವಳು ಮಾತು ಬಿಟ್ಟಳು. ಬಿಸಿಯೂಟದ ತಟ್ಟೆ ಹಿಡಿದು ಕೂರುವಳು, ಅನ್ನ ಆರಿ ಗಟ್ಟಿಯಾದ ಮೇಲೆ ನಾಯಿಗೆ ಹಾಕುವಳು. "ಅಮ್ಮ ಮಲಗಿದಾಳೆ ಕಣವ್ವಾ, ಎದ್ದು ಬರ್ತಾಳೆ" ಎಂದು ಅಜ್ಜಿ ಹೇಳುತ್ತಿದ್ದ ಮಾತನ್ನೇ ನಾನೂ ಹೇಳಿದೆ. ಅವಳು ನನ್ನನ್ನು ನೋಡಿದ ರೀತಿಗೆ ನನಗೇ ನಾಚಿಕೆಯಾಯಿತು. ದಿನಾ ಅವರಪ್ಪನಿಗೆ ಫೋನು ಮಾಡುತ್ತಿದ್ದೆ. "ಹಂಗೇ ಐದಾಳ್ರೀ" ಎಂಬ ಒಂದೇ ಉತ್ತರ. ಒಳ್ಳೆಯದಾದರೂ ಕೆಟ್ಟದಾದರೂ ಏನಾದರೊಂದು ಹೇಳಬಾರದೇ ಈ ಮನುಷ್ಯ ಎಂದು ಸಿಟ್ಟೇ ಬರುತ್ತಿತ್ತು.

ಶನಿವಾರ ಚೀಲ ತರದ ದಿನ. ಮಕ್ಕಳನ್ನು, ಅದರಲ್ಲೂ ಆ ಒಬ್ಬಳನ್ನು, ನಗಿಸಬೇಕೆಂದು ತರಗತಿಯ ಟೀವಿಯಲ್ಲಿ ಸ್ಲಾತಿನ ಫೋಟೋ ಹಾಕಿದೆ. ಕೊಂಬೆಗೆ ನಾಲ್ಕೂ ಕಾಲು ಸಿಕ್ಕಿಸಿ ತಲೆಕೆಳಗಾಗಿ ಜೋತುಬಿದ್ದ, ಕಣ್ಣು ಮುಚ್ಚಿದ ಪ್ರಾಣಿ. ಯಾರೂ ನಗಲಿಲ್ಲ.

"ಅಕ್ಕೋರೇ, ಅದು ಸತ್ತೈತೆ" ಎಂದ ಮುಂದಿನ ಸಾಲಿನ ಒಬ್ಬ.

"ಕೊಂಬೆಗೆ ಸಿಕ್ಕಾಕ್ಕೊಂಡೈತೆ. ಆಸ್ಪತ್ರೆಯೋರಿಗೆ ಹೇಳ್ಬೇಕು" ಎಂದಳು ಇನ್ನೊಬ್ಬಳು.

ಸತ್ತಿಲ್ಲ, ಅದು ಬದುಕುವುದೇ ಹಾಗೆ ಎಂದು ಶುರು ಮಾಡಿದೆ. ತಿನ್ನುವುದು ಎಲೆ, ಅದು ಅರಗುವುದಕ್ಕೇ ಎಷ್ಟೋ ದಿನ ಬೇಕು, ಹಾಗಾಗಿ ಓಡಾಡುವಷ್ಟು ಕಸುವಿಲ್ಲ. ಅಲ್ಲಾಡದೆ ಇದ್ದರೆ ಹದ್ದಿನ ಕಣ್ಣಿಗೂ ಬೀಳುವುದಿಲ್ಲ. ಮರ ಇಳಿಯುವುದು ವಾರಕ್ಕೊಮ್ಮೆ, ಅದೂ ಕಕ್ಕಸಿಗೆ. ಇಲ್ಲಿ ಸ್ವಲ್ಪ ನಗು ಬಂತು. ಹುರುಪಿನಲ್ಲಿ, ಅದರ ಕೂದಲಲ್ಲಿ ಪಾಚಿ ಬೆಳೆಯುತ್ತದೆ, ಹುಳ ಹುಪ್ಪಟೆ ಇರುತ್ತವೆ ಎಂದುಬಿಟ್ಟೆ.

"ಉಣುಗೂ ಇರ್ತಾವಾ?"

ಇರಬಹುದು ಎಂದೆ. ಮುಂದಿನ ಸಾಲು ಹಿಂದಕ್ಕೆ ಸರಿಯಿತು.

ಕೆಟ್ಟಿತಲ್ಲಾ ಎಂದು ಅವಸರದಲ್ಲಿ, ಪೆನ್‌ಡ್ರೈವಿನಲ್ಲಿ ತಂದಿದ್ದ ವಿಡಿಯೋ ಹಾಕಿದೆ. ಅದರಲ್ಲೂ ಪ್ರಾಣಿ ಮಿಸುಕಲಿಲ್ಲ. ಎಲೆ ಅಲ್ಲಾಡುತ್ತಿತ್ತು, ಅದು ಇಲ್ಲ. ನನಗೆ ತಡೆಯದೆ ಮುಂದಕ್ಕೆ ಓಡಿಸಲು ರಿಮೋಟು ಎತ್ತಿದೆ.

"ಓಡಿಸ್ಬೇಡಿ."

ಗೋಡೆಯ ಪಕ್ಕದಿಂದ ಬಂದ ದನಿ. ಮಾತು ಬಿಟ್ಟಿದ್ದವಳದು. ರಿಮೋಟು ಕೆಳಗಿಟ್ಟೆ. ಎಲ್ಲರೂ ಕಾದೆವು. ಆಮೇಲೆ ಸ್ಲಾತ್ ಕಣ್ಣು ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಮಕ್ಕಳು ಹೋ ಎಂದು ಕೂಗಿದರು. ಅವಳು ಮಾತ್ರ ಎದ್ದು ನನ್ನ ಹತ್ತಿರ ಬಂದಳು.

"ಅಕ್ಕೋರೇ, ಫೋಟೋದಾಗೆ ಇದ್ದಾಗ್ಲೂ ಅದಕ್ಕೆ ಜೀವ ಇತ್ತಾ?"

"ಇತ್ತಲ್ಲ."

"ಅಮ್ಮನ ಫೋಟೋ ಅಪ್ಪ ಕಳ್ಸಿದ್ದ. ಸತ್ತಂಗೆ ಐದಾಳೆ. ಮಲಗಿದಾಳೆ ಅಂತಾಳೆ ಅಜ್ಜಿ. ತಾತ ಸತ್ತಾಗ್ಲೂ ಹಂಗೇ ಅಂದಿದ್ಲು." ಟೀವಿಯ ಕಡೆ ಬೆರಳು ತೋರಿಸಿ ಹೇಳಿದಳು, "ಅಮ್ಮಂದೂ ವಿಡಿಯೋ ತರ್ಸಿ."

ಸ್ಲಾತ್ ಸತ್ತ ಮೇಲೂ ಕೆಲವೊಮ್ಮೆ ಕೊಂಬೆ ಬಿಡದೆ ಹಾಗೇ ನೇತಾಡುತ್ತದೆ ಎಂದು ಹಿಂದಿನ ದಿನವಷ್ಟೇ ಓದಿದ್ದೆ. ಅದನ್ನು ಅವಳಿಗೆ ಹೇಳದೆ ಫೋನು ಎತ್ತಿಕೊಂಡೆ.

ನೆಟ್‌ವರ್ಕ್ ಸಿಗುವುದು ಕೆರೆ ಏರಿಯ ಮೇಲೆ. ತರಗತಿಯನ್ನು ಹೆಡ್‌ಮಾಸ್ಟರಿಗೆ ಒಪ್ಪಿಸಿ ಅವಳನ್ನು ಕರೆದುಕೊಂಡು ಹೋದೆ. ವಿಡಿಯೋ ಬೇಕೆಂದು ಫೋನು ಮಾಡಿದ್ದಕ್ಕೆ ಅವರಪ್ಪ, "ಒಳಗೆ ಬಿಡೋ ಹೊತ್ತಾತು, ಸಿಸ್ಟರ್ನ ಕೇಳಿ ತೆಗೆದು ಕಳಿಸ್ತೀನ್ರೀ" ಎಂದ. ಕಾಯುವುದಷ್ಟೇ ಉಳಿಯಿತು. ನಾನು ಏರಿಯ ಆ ತುದಿಗೆ ಹೋದೆ, ಈ ತುದಿಗೆ ಬಂದೆ. ಅವನು ಒಳಗೆ ಹೋದಾಗ ಏನು ಕಂಡಾನೋ, ಯಾಕೆ ಈ ಕೆಲಸಕ್ಕೆ ಕೈ ಹಾಕಿದೆನೋ ಎಂದುಕೊಳ್ಳುತ್ತಲೇ ಮತ್ತೆ ತಿರುಗಿದೆ. ಅವಳು ಕಲ್ಲಿನ ಮೇಲೆ ಕೂತವಳು ಕೂತೇ ಇದ್ದಳು.

ವಿಡಿಯೋ ಬಂತು. ಹಾಸಿಗೆ, ಮಾಸ್ಕು, ಮುಚ್ಚಿದ ಕಣ್ಣು. ಅವರಪ್ಪನ ದನಿ: "ಮಗಳು ನೋಡ್ತಾಳೆ ಕಣೇ." ಅಷ್ಟೇ. ಏನೂ ಮಿಸುಕಲಿಲ್ಲ. ಮುಗಿಯಿತು. ಫೋನು ಕಿತ್ತುಕೊಳ್ಳಲು ಕೈ ಚಾಚಿದೆ.

"ತಡೀರಿ. ಇನ್ನೊಂದ್ಸಲ."

ಎರಡನೆಯ ಸಲವೂ ನನಗೆ ಏನೂ ಕಾಣಲಿಲ್ಲ. ಮೂರನೆಯ ಸಲ, ಅಪ್ಪನ ಮಾತು ಮುಗಿಯುವ ಹೊತ್ತಿಗೆ, ಅವಳು ಗಾಜಿನ ಮೇಲೆ ಬೆರಳಿಟ್ಟಳು. ನಾನು ಅಷ್ಟು ಹೊತ್ತೂ ಮುಖವನ್ನೇ ನೋಡುತ್ತಿದ್ದೆ. ಅವಳ ಬೆರಳಿದ್ದದ್ದು ಹಾಸಿಗೆಯ ಬುಡದಲ್ಲಿ. ಹೊದಿಕೆಯ ಹೊರಗಿದ್ದ ಪಾದದ ಹೆಬ್ಬೆರಳು ಮೆಲ್ಲಗೆ ಮಡಚಿಕೊಂಡಿತು, ಮೆಲ್ಲಗೆ ಬಿಚ್ಚಿಕೊಂಡಿತು.

"ಜೀವ ಐತೆ" ಎಂದಳು. ಆಮೇಲೆ, "ಊಟ ಮುಗ್ದೋಯ್ತಾ ಅಕ್ಕೋರೇ?" ಎಂದು ಕೇಳಿದಳು. ನಾನು ಅಳುತ್ತಲೇ, ಇನ್ನೂ ಮುಗಿದಿಲ್ಲವೆಂದು ತಲೆಯಾಡಿಸಿದೆ. ಅವತ್ತು ಅವಳು ಎರಡು ಸಲ ಸಾರು ಹಾಕಿಸಿಕೊಂಡಳು.

ಬೇಸಿಗೆ ರಜೆ ಮುಗಿದು ಶಾಲೆ ತೆರೆದ ವಾರ ತಾಯಿ ಮಗಳು ಗೇಟಿನಲ್ಲಿ ಕಂಡರು. ತಾಯಿ ಅರ್ಧ ಇಳಿದುಹೋಗಿದ್ದಳು. ಒಂದು ಹೆಜ್ಜೆ, ನಿಂತು ಉಸಿರು, ಮತ್ತೊಂದು ಹೆಜ್ಜೆ. ನನ್ನಿಂದ ನೋಡಲಾಗಲಿಲ್ಲ. ಕುರ್ಚಿ ಎತ್ತಿಕೊಂಡು ಮೈದಾನದ ನಡುವಿಗೆ ಓಡಿದೆ. ಹುಡುಗಿ ದೂರದಿಂದಲೇ ನನ್ನತ್ತ ಕೈಯೆತ್ತಿ ತಡೆದಳು.

"ಬರ್ತಾಳೆ ಅಕ್ಕೋರೇ. ನೀವು ಕೂತ್ಕಳಿ."

ಮೈದಾನದ ನಡುವೆ ಅದೇ ಕುರ್ಚಿ ಹಾಕಿಕೊಂಡು ನಾನು ಕೂತೆ. ಅವರಿಬ್ಬರೂ ಬಂದು ಮುಟ್ಟುವವರೆಗೆ ಏಳಲಿಲ್ಲ.