ಬೆನ್ನಿಗೆ ಬೆನ್ನು ಹಾಕಿದ ಬೀರುಗಳು

1964ರ ಏಪ್ರಿಲ್, ಒಂದು ಶನಿವಾರ, ಬೆಳಿಗ್ಗೆ ಎಂಟು ಗಂಟೆ. ಸಕಲೇಶಪುರದ ಟೆಲಿಫೋನ್ ಕಚೇರಿಯಲ್ಲಿ ಹಾಜರಿದ್ದವರು ಯಂತ್ರಗಳ ಉಸ್ತುವಾರಿಯ ನಾನು, ಬೋರ್ಡಿನ ಮುಂದೆ ಕೂರುವ ಆಪರೇಟರ್, ಹೆಗ್ಗದ್ದೆ ಕಡೆಯ ಲೈನ್‌ಮನ್.

ಹಿಂದಿನ ಕೋಣೆಯಲ್ಲಿ ಆಳೆತ್ತರದ ಕಬ್ಬಿಣದ ಬೀರುಗಳು ಎರಡು ಸಾಲಾಗಿ ನಿಂತಿದ್ದವು. ಮಂಗಳೂರಿನಿಂದ ಹೊರಟ ಮಾತು ಘಟ್ಟ ಹತ್ತುವಷ್ಟರಲ್ಲಿ ಸೊರಗಿರುತ್ತಿತ್ತು. ಬೀರುಗಳೊಳಗೆ ದೀಪದಂತೆ ಉರಿಯುವ ವಾಲ್ವ್‌ಗಳು ಅದಕ್ಕೆ ಬಲ ತುಂಬಿ ಕಳಿಸುತ್ತಿದ್ದವು. ಪ್ರತಿ ಬೀರುವೂ ಮುಂದಿನಿಂದ ಗಾಳಿ ಎಳೆದು, ಹಿಂದಿನಿಂದ ಬಿಸಿಯಾಗಿ ಬಿಡುತ್ತಿತ್ತು. ಬೇಸಿಗೆಯಲ್ಲಿ ಮಧ್ಯಾಹ್ನ ಎರಡು ದಾಟಿತೆಂದರೆ ಎರಡನೇ ಸಾಲು ಕಾದು ಮಂಗಳೂರಿನ ಲೈನು ಸತ್ತೇಹೋಗುತ್ತಿತ್ತು. ಒಂದಿದ್ದ ಫ್ಯಾನು ಮೂರಾಯಿತು. ಬಿಸಿ ಇಳಿಯಲಿಲ್ಲ, ವೋಲ್ಟೇಜ್ ಇಳಿಯಿತು.

ಆ ದಿನ ಮಾತ್ರ ಲೈನು ಸಾಯಲು ಬಿಡುವಂತಿರಲಿಲ್ಲ. ಆಪರೇಟರ್ ಮಂಗಳೂರು ಮೂಲದ ಕ್ರಿಶ್ಚಿಯನ್ ಹುಡುಗಿ, ತಂದೆ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಅವಳನ್ನು ನೋಡಿ ಹೋಗಿದ್ದ ವರನ ಮನೆಯವರು ಮಂಗಳೂರಿನಿಂದ ಮೂರು ಗಂಟೆಗೆ ಇಲ್ಲಿಗೇ ಟ್ರಂಕ್ ಕಾಲ್ ಮಾಡಿ ತಂದೆಗೆ ಉತ್ತರ ಹೇಳುವುದಿತ್ತು. ಹುಡುಗ ಸಂಜೆಯ ಹಡಗಿಗೆ ಬೊಂಬಾಯಿಗೆ ಹೊರಡುವವನು. ಅವನನ್ನು ಇನ್ನೊಂದು ಮನೆಯವರೂ ಕೇಳಿದ್ದರಂತೆ. ಇಂದು ಮಾತು ಮುಗಿಯದಿದ್ದರೆ ಸಂಬಂಧ ಆ ಕಡೆ ಜಾರುವುದು ಖಂಡಿತ. ಹುಡುಗ ಇವಳಿಗೆ ಹಿಡಿಸಿಬಿಟ್ಟಿದ್ದ.

"ನಿಮ್ಮ ಬೀರುಗಳು ನನ್ನ ಮದುವೆ ಕೆಡಿಸ್ತವೆ ಸಾರ್," ಎಂದಳು.

"ಬೀರು ಅಲ್ಲ ಅಕ್ಕಾರೆ, ಅವು ಅತ್ತೆ ಕಣ್ರೀ. ಮಧ್ಯಾಹ್ನ ಆಯ್ತು ಅಂದ್ರೆ ಕಾದು ಕೂತ್ಬುಡ್ತವೆ," ಎಂದ ಲೈನ್‌ಮನ್.

ನಾನು ಊದುಬತ್ತಿ ಹಚ್ಚಿ ಮೊದಲ ಸಾಲಿನ ಬೆನ್ನಿಗೆ ಹಿಡಿದೆ. ಹೊಗೆ ಮೇಲೇರದೆ ನೇರವಾಗಿ ಎರಡನೇ ಸಾಲಿನ ಮುಖದೊಳಗೆ ನುಗ್ಗಿತು. ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಬೀರುಗಳೆಲ್ಲ ಒಂದೇ ಕಡೆ ಮುಖಮಾಡಿದ್ದವು. ಬೋರ್ಡಿಂಗ್ ಶಾಲೆಯಲ್ಲಿ ಬೆಳೆದವನಿಗೆ ನೋಡಲು ಹಿತವಾದ ಶಿಸ್ತು. ಆದರೆ ಮುಂದಿನವನ ಬಿಸಿ ಉಸಿರನ್ನೇ ಹಿಂದಿನವನು ಎಳೆದುಕೊಳ್ಳುತ್ತಿದ್ದ. ಫ್ಯಾನುಗಳು ಅದನ್ನೇ ಕಲಕುತ್ತಿದ್ದವು.

"ಪಂಕ್ತೀಲಿ ಯಾರಾದ್ರೂ ಇನ್ನೊಬ್ಬರ ಬೆನ್ನು ನೋಡ್ಕೊಂಡು ಊಟಕ್ಕೆ ಕೂರ್ತಾರಾ?" ಎಂದು ಆಪರೇಟರ್ ನಕ್ಕಳು.

ಕೂರುವುದಿಲ್ಲ, ಬೆನ್ನಿಗೆ ಬೆನ್ನು ಹಾಕಿ ಕೂರುತ್ತಾರೆ. ಹಾಸನದ ಕಚೇರಿಯಿಂದ ಒಪ್ಪಿಗೆ ಪಡೆದು ಕರೆಂಟ್ ತೆಗೆದೆ. ತಂತಿಗಳು ಮೇಲಿನಿಂದ ಸಡಿಲವಾಗಿಯೇ ಇಳಿದಿದ್ದವು. ಎರಡನೇ ಸಾಲಿನ ಬೀರುಗಳನ್ನು ಒಂದೊಂದಾಗಿ ತಿರುಗಿಸಿ ಮತ್ತೆ ಕರೆಂಟ್ ಕೊಟ್ಟೆವು. ಈಗ ಬಿಸಿಯೆಲ್ಲ ನಡುವಿನ ಓಣಿಗೆ ಬಂತು. ಓಣಿಯ ಎರಡು ತುದಿಗೂ ಕಂಬಳಿ ಇಳಿಬಿಟ್ಟು, ಬಿಸಿ ಹೊರಗೆ ಹೋಗಲು ಅದರ ಮೇಲಿನ ಮಾಡಿನಲ್ಲಿ ನಾಲ್ಕು ಹೆಂಚು ತೆಗೆದೆವು.

ಪಕ್ಕದ ಅಂಗಡಿಯ ಸಾಹೇಬರು ಇಣುಕಿದರು. "ಏನ್ರೀ ಇದು, ಏಪ್ರಿಲ್‌ನಾಗೆ ಮಿಷನ್ನಿಗೆ ಕಂಬಳಿ?"

"ಬಾಣಂತಿ ಸಾಹೇಬ್ರೆ, ಗಾಳಿ ತಾಗ್‌ಬಾರ್ದು," ಎಂದ ಲೈನ್‌ಮನ್.

ಎರಡು ಗಂಟೆಗೆ ಎರಡನೇ ಸಾಲಿನ ಮೇಲೆ ಕೈಯಿಟ್ಟೆ, ಬೆಚ್ಚಗಿತ್ತು, ಅಷ್ಟೆ. ಒಂದು ಫ್ಯಾನ್ ಆರಿಸಿದೆ. ಧೈರ್ಯ ಬಂದು ಇನ್ನೊಂದನ್ನೂ ಆರಿಸಿದೆ. ವೋಲ್ಟೇಜಿನ ಮುಳ್ಳು ಮೇಲೇರಿತು. ರೈಟರ್ ಕೋಟು ಹಾಕಿಕೊಂಡು ಬಂದು ಬೆಂಚಿನ ತುದಿಯಲ್ಲಿ ಕೂತರು. ಮೂರಾಯಿತು. ಮೂರೂವರೆಯೂ ಆಯಿತು.

ಕೊನೆಗೆ ಬೋರ್ಡಿನ ಮೇಲೆ ಮಂಗಳೂರಿನ ಗಂಟೆ ಬಡಿಯಿತು. ಆಪರೇಟರ್ ಪ್ಲಗ್ ಚುಚ್ಚಿ, ಎಲ್ಲರಿಗೂ ಹೇಳುವ ದನಿಯಲ್ಲೇ, "ನಿಮ್ಮ ಟ್ರಂಕ್ ಬಂದಿದೆ, ಮಾತಾಡಿ," ಎಂದು ತಂದೆಗೆ ಹೇಳಿದಳು. ಪರರ ಮಾತು ಕೇಳಬಾರದೆಂಬ ನಿಯಮದಂತೆ ಕಿವಿಯಿಂದ ಹೆಡ್‌ಫೋನ್ ತೆಗೆದು, ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು.

ರೈಟರ್ ಟ್ರಂಕ್ ಕಾಲಿನಲ್ಲಿ ಎಲ್ಲರೂ ಕೂಗುವ ಹಾಗೆ ಕೂಗಿದರು. "ಹಲೋ! ಹಾಂ! ಏನು? ಒಪ್ಪಿಗೆಯಾ? ಎಲ್ಲರಿಗೂ ಒಪ್ಪಿಗೆಯಾ?"

"ಅಕ್ಕಾರೆ," ಎಂದ ಲೈನ್‌ಮನ್, "ನೀವು ಕೇಳ್ಬಾರ್ದು ಅಂತ ರೂಲ್ ಐತೆ. ಬಜಾರೆಲ್ಲಾ ಕೇಳ್ಬುಡ್ತಲ್ಲ!"

ಅವಳು ಮುಖ ಮುಚ್ಚಿಕೊಂಡು ನಕ್ಕಳು. ಆದರೂ ಗಡಿಯಾರ ನೋಡುವುದನ್ನು ಬಿಡಲಿಲ್ಲ. ಮತ್ತೆ ಹೆಡ್‌ಫೋನ್ ಏರಿಸಿ, "ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ?" ಎಂದಳು.

"ಮುಂದುವರಿಸ್ತೇನೆ ಮಗಾ!" ಎಂದು ರೈಟರ್ ಇನ್ನೂ ಜೋರಾಗಿ ಕೂಗಿದರು.

ತಾಯಿಗೆ ಸುದ್ದಿ ಹೇಳಲೆಂದು ಅವಳನ್ನು ತಂದೆಯ ಜೊತೆ ಬೇಗ ಕಳಿಸಿಕೊಟ್ಟು, ಬೋರ್ಡಿನ ಮುಂದೆ ನಾನೇ ಕೂತೆ. ಆರು ಗಂಟೆಗೆ ಆಲೂರಿನ ವ್ಯಾಪಾರಿಯೊಬ್ಬರಿಗೆ, ಇನ್ನೂ ಸಾಯದೆ ಉಳಿದಿದ್ದ ಮಂಗಳೂರಿನ ಲೈನು ಕೊಟ್ಟೆ. ಅವರು ಮಾತು ಮುಗಿಸಿದ ಮೇಲೆ ಪ್ಲಗ್ ಕಿತ್ತು ಅದರ ಜಾಗದಲ್ಲಿ ಇಳಿಸಿದೆ.